ಸ್ತಾಮೆನಾಳ ಕೈಯ ಗೋಧಿ

ಇಪ್ಪತ್ತೆರಡು ವರ್ಷ ಸ್ತಾಮೆನಾಳ ಕೈಯಿಂದ ನಮ್ಮೂರಿನವರು ಒಂದು ತುಣುಕು ರೊಟ್ಟಿ ತಿಂದವರಲ್ಲ. ತಿಮೋಕ್ ಕಣಿವೆಯ ನಮ್ಮ ಆಸ್ಪತ್ರೆಯಲ್ಲಿ ಅವಳದು ಮಲ ಪರೀಕ್ಷೆಯ ಕೆಲಸ. ನಾನು ಪಕ್ಕದ ಮೇಜಿನವಳು. ಅಷ್ಟು ಕೈ ತೊಳೆಯುವ ಹೆಂಗಸನ್ನು ನಾನು ಕಂಡಿಲ್ಲ. ಊರಿಗೆ ಅದೆಲ್ಲ ಯಾಕೆ ಬೇಕು?

"ಬೆಳಗೆಲ್ಲ ಅದರಲ್ಲಿ ಕೈಯಾಡಿಸಿ ಸಂಜೆ ಹಿಟ್ಟು ನಾದ್ತೀಯಲ್ಲೇ!" ಎಂದು ಅವಳ ಗಂಡನ ಅಕ್ಕ, ಎಂಬತ್ತು ದಾಟಿದ ಲೆಪೊಸಾವಾ, ಎಲ್ಲರೆದುರು ಹಂಗಿಸುತ್ತಿದ್ದಳು.

ಸ್ತಾಮೆನಾಳ ಗಂಡ ತೀರಿಕೊಂಡ ನಲವತ್ತನೆಯ ದಿನ ಮಾತ್ರ ಬೇರೆ. ಸತ್ತವರ ಹೆಸರಿನ ಗೋಧಿಯನ್ನು ಯಾರೂ ಬೇಡವೆನ್ನುವಂತಿಲ್ಲ. ಸ್ತಾಮೆನಾ ಗೋಧಿ ಬೇಯಿಸಿ, ರುಬ್ಬಿ, ಅಕ್ರೋಟು ಸಕ್ಕರೆ ಬೆರೆಸಿ, ಕೈಯಿಂದಲೇ ತಟ್ಟಿ ಗುಡ್ಡೆ ಮಾಡಿದಳು. ಎಲ್ಲರೂ ತಿನ್ನಲು ಒಂದೇ ಚಮಚ ಕೈಯಿಂದ ಕೈಗೆ ಹೋಯಿತು. ಲೆಪೊಸಾವಾ ಎರಡು ಸಲ ತಿಂದಳು. ಆ ದುಃಖದಲ್ಲೂ ಸ್ತಾಮೆನಾಳ ಮುಖ ಅರಳಿತ್ತು.

ಮಾರನೆಯ ದಿನದಿಂದ ವಾಂತಿ, ಭೇದಿ. ಹತ್ತೊಂಬತ್ತು ಜನರ ಮಲದ ಡಬ್ಬಿಗಳು ಅವಳ ಮೇಜಿಗೇ ಬಂದವು. ನಮ್ಮ ಹೊಸ ಪಿಸಿಆರ್ ಯಂತ್ರ ರೋಗಾಣುವಿನ ವಂಶವಾಹಿಯನ್ನೇ ಹುಡುಕಿ, ಗಂಟೆಯೊಳಗೆ ಹೆಸರು ಹೇಳುತ್ತದೆ. ಎಲ್ಲದರಲ್ಲೂ ನೋರೋ ವೈರಸ್, ರೋಗಿಯ ಕೈಯಿಂದ ಊಟಕ್ಕೆ ದಾಟುವಂಥದ್ದು. ಅಷ್ಟರಲ್ಲಿ ಲೆಪೊಸಾವಾ ಮೈಯ ನೀರೆಲ್ಲ ಬತ್ತಿ ಸತ್ತಿದ್ದಳು. ಸತ್ತವರ ಗೋಧಿಯನ್ನು ದೂರುವಂತಿಲ್ಲದ ಊರು ಅಕ್ರೋಟು ಮಾರಿದ ಝಿವ್ಕೊನ ಮೇಲೆ ತಿರುಗಿಬಿದ್ದು, ಅವನ ಅಂಗಡಿಯ ಗಾಜು ಒಡೆದಿತ್ತು.

ಸ್ತಾಮೆನಾ ಇಪ್ಪತ್ತನೆಯ ಡಬ್ಬಿ ತಂದಿಟ್ಟಳು.

"ಇದ್ಯಾರದು ಅಕ್ಕಾ?"

"ನಂದೇ. ಗೋಧಿ ಬೇಯಿಸೋ ಹಿಂದಿನ ದಿನ ನಂಗೂ ಎರಡು ಸಲ ಆಗಿತ್ತು ಕಣೇ. ಅತ್ತೂ ಅತ್ತೂ ಹೊಟ್ಟೆ ಕೆಟ್ಟಿದೆ ಅಂದ್ಕೊಂಡೆ."

ಅದನ್ನೂ ಯಂತ್ರಕ್ಕೆ ಹಾಕಿದಳು. ಅದರಲ್ಲೂ ಅದೇ ವೈರಸ್.

"ಆ ವರದಿ ಹರಿದು ಬಿಸಾಕು," ಎಂದೆ. "ನಿನ್ನನ್ನ ಯಾರು ಕೇಳಿದ್ರು?"

"ಝಿವ್ಕೊನ್ನ ಕೇಳ್ತಿದ್ದಾರಲ್ಲೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದಾ?"

ವರದಿಯಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ವಾರದೊಳಗೆ ಝಿವ್ಕೊನ ಅಂಗಡಿಗೆ ಗಿರಾಕಿಗಳು ಮರಳಿದರು.

ಗಂಡನ ಆರನೆಯ ತಿಂಗಳ ತಿಥಿಗೆ ಅವಳು ಮತ್ತೆ ಗೋಧಿ ಮಾಡಿದಳು. ಈ ಸಲ ಒಬ್ಬೊಬ್ಬರಿಗೂ ಒಂದೊಂದು ಚಮಚ, ತೊಳೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಬಂದವರು ಐದಾರು ಜನ. ಮೇಣದಬತ್ತಿ ಹಚ್ಚಿದರು, ಶಿಲುಬೆಯ ಗುರುತು ಮಾಡಿಕೊಂಡರು, ಗೋಧಿ ಮುಟ್ಟಲಿಲ್ಲ. ಝಿವ್ಕೊ ಬರಲೇ ಇಲ್ಲ.

ಅವಳು ನನ್ನನ್ನು ನೋಡಿದಳು. ಅವಳಲ್ಲಿ ಈಗ ವೈರಸ್ ಇಲ್ಲವೆಂದು ಯಂತ್ರದಲ್ಲಿ ಕಣ್ಣಾರೆ ಕಂಡವಳು ನಾನು. ಚಮಚ ತುಂಬಿಕೊಂಡೆ, ಬಾಯಿಯವರೆಗೂ ಒಯ್ದೆ. ನನ್ನ ಜನ್ಮಕ್ಕಿಷ್ಟು, ಹಾಗೇ ಕೆಳಗಿಟ್ಟೆ.

"ಇರ್ಲಿ ಬಿಡೇ," ಎಂದಳು. ಆ ಚಮಚವನ್ನು ತೆಗೆದುಕೊಂಡು ತೊಳೆಯಲು ಹೋದಳು.