ಆನೆ ಬಾರದ ಊರಿಗೆ ಮೊದಲ ಸಂದೇಶ

ಆ ಬೆಳಗ್ಗೆ ಕಾಡಿನಂಚಿನ ಕೊಲ್ಲಮೊಗ್ರಿನ ರಬ್ಬರ್ ತೋಟದಲ್ಲಿ ಸದ್ದು ಮಾಡಿದ್ದು ನನ್ನ ಫೋನ್. ಅಕ್ಕನದಲ್ಲ.

ಅಕ್ಕ ಎಂದು ನಾವೆಲ್ಲ ಕರೆಯುವ ಅವರು ಅಲ್ಲಿ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರು. ಆನೆ ಕಂಡರೆ ಸುತ್ತಲಿನ ಮೂರು ತಾಲೂಕಿನವರ ಫೋನಿಗೆ ಸಂದೇಶ ಕಳಿಸುವ ಪ್ರೋಗ್ರಾಂ ನೋಡಿಕೊಳ್ಳುವುದು ಪುತ್ತೂರಿನ ನಮ್ಮ ಸಣ್ಣ ಕಚೇರಿ. ತನಗೆ ಸಂದೇಶವೇ ಬರುವುದಿಲ್ಲವೆಂದು ಅಕ್ಕ ಮತ್ತೆ ಮತ್ತೆ ಹೇಳಿದ್ದರು. ಅವರ ಫೋನೇ ಹಾಳಾಗಿರಬೇಕೆಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ನೋಡಿ ಬರಲು ನಾನು ಹೋಗಿದ್ದೆ.

ಇನ್ನೂ ಬೆಳಕು ಹರಿದಿರಲಿಲ್ಲ. ಹಣೆಗೆ ಲೈಟ್ ಕಟ್ಟಿಕೊಂಡು ಅವರು ಮುಂದೆ, ನಾನು ಹಿಂದೆ. ಕಿಸೆಯಲ್ಲಿ ಫೋನ್ ಸದ್ದಾಯಿತು. ತೆಗೆದು ಓದಿದೆ: ಕೊಲ್ಲಮೊಗ್ರು ಬದಿಯಲ್ಲಿ ಆನೆ, ಹೊರಗೆ ಬರಬೇಡಿ. ತಲೆ ಎತ್ತುವಾಗ ಅಕ್ಕ ಲೈಟ್ ಆರಿಸಿದ್ದರು. ಮರಗಳ ಸಾಲಿನ ನಡುವೆ, ಸಾಲಿಗೆ ಸೇರದ ಒಂದು ಕಪ್ಪು ನಿಂತಿತ್ತು. ಅದರ ಉಸಿರು ಕೇಳಿಸಿತು. ಎಷ್ಟು ಹೊತ್ತು ನಿಂತಿತೆಂದು ಹೇಳಲಾರೆ. ಮತ್ತೆ ಬೇಲಿಯ ಕಡೆ ತಿರುಗಿ, ಬಿದಿರು ಮುರಿಯುತ್ತ ಹೋಯಿತು.

"ಪುತ್ತೂರಿನವರಿಗೆ ಗೊತ್ತುಂಟು, ನಮಗೆ ಇಲ್ಲ. ಇದು ಎಂತ ಮಾರಾಯ್ರೆ?" ಎಂದರು ಅಕ್ಕ. "ಆನೆ ನಿಮ್ಮ ಬಸ್‌ಸ್ಟ್ಯಾಂಡಿಗೆ ಬರುದಾ?"

ಅವರ ಫೋನ್ ತೆಗೆದುಕೊಂಡು ನೋಡಿದೆ. ಸಿಗ್ನಲ್ ಇತ್ತು. ಫೋನ್ ಸರಿಯಾಗಿಯೇ ಇತ್ತು.

ಕಚೇರಿಗೆ ಬಂದು ಕೋಡ್ ತೆರೆದೆ. ಪ್ರೋಗ್ರಾಂ ಡೇಟಾಬೇಸಿನಿಂದ ಎಲ್ಲ ಸಂಖ್ಯೆಗಳನ್ನು, ಅವಕ್ಕೆ ಹಿಂದೆ ಹೋದ ಸಂದೇಶಗಳ ಸಮೇತ, ಒಟ್ಟಿಗೆ ತರಿಸಿ ಮೆಮೊರಿಯಲ್ಲಿ ಪೇರಿಸುತ್ತಿತ್ತು. ಅದಾದ ಮೇಲೇ ಕಳಿಸುವ ಕೆಲಸ. ಜನ ಹೆಚ್ಚಿದಂತೆ ಮೆಮೊರಿ ಸಾಲದೆ ಅರ್ಧದಲ್ಲಿ ನಿಲ್ಲತೊಡಗಿದ್ದಾಗ, ನಾನು ಸೇರುವ ಮೊದಲೇ, ಯಾರೋ ಒಂದು ಮಿತಿ ಹಾಕಿದ್ದರು: ಇಷ್ಟು ಜನ ಸಾಕು, ಉಳಿದವರು ಬೇಡ. ಆಮೇಲೆ ಅದು ನಿಲ್ಲಲಿಲ್ಲ. ಆದರೆ ಸಂಖ್ಯೆಗಳು ಬರುತ್ತಿದ್ದದ್ದು ನೋಂದಣಿಯ ಕ್ರಮದಲ್ಲಿ. ಮೊದಲು ನೋಂದಾಯಿಸಿದವರು ಪೇಟೆಯವರು. ಕಾಡಿನಂಚಿಗೆ ಟವರ್ ಬಂದದ್ದೇ ತಡವಾಗಿ. ಮಿತಿ ಕತ್ತರಿಸಿದ್ದು ಅಲ್ಲಿಯವರನ್ನೇ.

ಕಚೇರಿಯ ಮಾಲೀಕರಿಗೆ ತೋರಿಸಿದೆ.

"ಈಗ ನಡೀತಾ ಉಂಟಲ್ಲ, ಮುಟ್ಟುದು ಎಂತಕ್ಕೆ? ದೊಡ್ಡ ಸರ್ವರ್ ಬಂದ ಮೇಲೆ ನೋಡುವ."

"ಆನೆ ಸರ್ವರಿಗೆ ಕಾಯುದಿಲ್ಲ ಸರ್."

"ನೀವು ಹೆದರಿದ್ದೀರಿ ಮಾರಾಯ್ರೆ. ಸ್ವಲ್ಪ ರಜೆ ಮಾಡಿ."

"ಹೆದರಿದ್ದೇನೆ. ಅದಕ್ಕೇ ಹೇಳುದು. ಮಿತಿ ಇರ್ಲಿ ಅಂತಾದ್ರೆ ನೀವೇ ಅಕ್ಕನಿಗೆ ಫೋನ್ ಮಾಡಿ, ನಿಮಗೆ ಸಂದೇಶ ಬರುದಿಲ್ಲ, ತೋಟಕ್ಕೆ ಹೋಗ್ಬೇಡಿ ಅಂತ ಹೇಳಿ."

ಅವರು ಫೋನ್ ಮುಟ್ಟಲಿಲ್ಲ. ನಾನು ರಜೆ ಮಾಡಲಿಲ್ಲ. ಮಿತಿ ಅಳಿಸಿದೆ.

ಇಡೀ ತೋಟದ ರಬ್ಬರ್ ಹಾಲನ್ನು ಯಾರೂ ಒಂದೇ ಬಕೆಟಿನಲ್ಲಿ ಹೊರುವುದಿಲ್ಲ. ತುಂಬಿದಷ್ಟನ್ನು ಸುರಿದು ಮತ್ತೆ ಮರದ ಬುಡಕ್ಕೆ ಹೋಗುತ್ತಾರೆ. ಪ್ರೋಗ್ರಾಮಿಗೂ ಅದನ್ನೇ ಕಲಿಸಿದೆ. ಒಂದು ಕಂತು ಸಂಖ್ಯೆ ತಾ, ಹಳೆಯ ಸಂದೇಶಗಳನ್ನು ಹೊತ್ತು ತರಬೇಡ. ಕಳಿಸು, ಮೆಮೊರಿ ಖಾಲಿ ಮಾಡು, ಎಲ್ಲಿಗೆ ಮುಟ್ಟಿದ್ದೆ ಎಂದು ಬರೆದಿಡು, ಅಲ್ಲಿಂದ ಮುಂದಿನ ಕಂತು. ನಡುವೆ ನಿಂತರೂ ಅಲ್ಲಿಂದಲೇ ಶುರು. ಕ್ರಮವನ್ನೂ ಬದಲಿಸಿದೆ: ಆನೆಗೆ ಹತ್ತಿರ ಇರುವವರು ಮೊದಲು.

ಮುಂದಿನ ಸಲ ಆನೆ ಇಳಿದ ಬೆಳಗ್ಗೆ ಅಕ್ಕನೇ ಫೋನ್ ಮಾಡಿದರು. "ಬಂತು. ಬಾಗಿಲು ಹಾಕಿ ಚಾ ಕುಡೀತಾ ಇದ್ದೇನೆ. ನಿಮಗೆ ಬಂತಾ?"

ನನಗಿನ್ನೂ ಬಂದಿರಲಿಲ್ಲ. ಕಾಡಿನಿಂದ ಇನ್ನೂ ದೂರ ಮನೆ ಇರುವ ಮಾಲೀಕರ ಸಂಖ್ಯೆ ನನ್ನದಕ್ಕಿಂತಲೂ ಹಿಂದೆ, ಕಡೆಯ ಕಂತಿನಲ್ಲಿದೆ. ಅಲ್ಲೇ ಇರಲಿ.