ಎಡಗಡೆಯ ಹಲಗೆ

ರಜೆ ಬಂತೆಂದರೆ ಚಳ್ಳಕೆರೆಯಲ್ಲಿ ಮನೆಯವರು ನನ್ನನ್ನು ಮೊಳಕಾಲ್ಮೂರಿನ ಬಸ್ಸು ಹತ್ತಿಸಿಬಿಡುತ್ತಿದ್ದ ಕಾಲ ಅದು. ದೊಡ್ಡವ್ವನ ಮನೆಯ ಪಡಸಾಲೆಯ ತುಂಬ ಮಗ್ಗವೇ. ನೆಲದಲ್ಲಿ ಗುಂಡಿ, ಗುಂಡಿಯೊಳಗೆ ತುಳಿಯುವ ಎರಡು ಹಲಗೆ, ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ನೇಯುವ ದೊಡ್ಡವ್ವನ ಮಗಳು ಗೌರಕ್ಕ. ನೂಲಿನ ಗಂಜಿಯ ವಾಸನೆ, ಒಳಗಿಂದ ಶೇಂಗಾ ಹುರಿಯುವ ವಾಸನೆ. ಶೇಂಗಾದ ನೆನಪು ನಾನು ಹೇಳಹೊರಟ ವರ್ಷದ್ದೋ ಬೇರೆ ವರ್ಷದ್ದೋ, ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಅಂಟಿದ ಚಟ: ಸಾಕ್ಷಿಯಿಲ್ಲದ್ದನ್ನು ನಂಬುವುದಿಲ್ಲ, ನನ್ನ ನೆನಪನ್ನೂ.

ನನಗೆ ಹತ್ತು, ಗೌರಕ್ಕನಿಗೆ ಹತ್ತೊಂಬತ್ತು. ಅವಳ ಎಡ ಮೊಣಕಾಲಿನ ಮೂಳೆಯಲ್ಲಿ ಗಡ್ಡೆಯಾಗಿತ್ತು. ತೊಡೆಯಿಂದಲೇ ಕಾಲು ತೆಗೆಯಬೇಕು, ತಡಮಾಡಿದರೆ ಜೀವಕ್ಕೇ ಕುತ್ತು ಎಂದಿದ್ದರು ಬಳ್ಳಾರಿಯ ಡಾಕ್ಟರು. ಅವಳು ಒಪ್ಪಲಿಲ್ಲ.

"ಒಂಟಿ ಕಾಲಲ್ಲಿ ಮಗ್ಗ ಹೆಂಗೆ ತುಳೀಲಿ? ಕೂತು ಉಣ್ಣಾಕೆ ನಾನೇನು ಗೌಡ್ತಿಯಾ?"

ದೊಡ್ಡವ್ವ ಅತ್ತಳು. ದೊಡ್ಡಪ್ಪ ಬೈದರು. ನಾನು ಅಂದೆ: "ಎಡಗಡೇದು ನಾ ತುಳೀತೀನಕ್ಕ."

ಅವಳು ನಕ್ಕಳು. ಆದರೂ ಎಡಗಾಲನ್ನು ಲಂಗದೊಳಗೆ ಮಡಚಿಕೊಂಡು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಎಡ ಅಂದಾಗ ತುಳಿ. ತೂಕಡಿಸಿದ್ರೆ ಲಾಳೀಲಿ ಬಡೀತೀನಿ."

ಸಂಜೆ ಹೊತ್ತಿಗೆ ಅಂಗೈ ಅಗಲ ನೇಯ್ದಿದ್ದೆವು. ಅದರ ಮೇಲೆ ಕೈಯಾಡಿಸುತ್ತ ಕೇಳಿದಳು: "ದಸರಾ ರಜಕ್ಕೆ ಬರ್ತೀಯಾ? ಒಂದೇ ಕಾಲಲ್ಲಿ ರೂಢಿ ಆಗೋಗಂಟ ಪಕ್ಕದಾಗಿದ್ರೆ ಸಾಕು."

"ದೇವ್ರಾಣೆ ಬರ್ತೀನಿ."

ಮರುದಿನ ದೊಡ್ಡಪ್ಪನ ಮುಂದೆ ಅವಳು ಕಾಲು ತೆಗೆಸಲು ಹೂಂ ಎಂದಳು.

ದಸರಾಕ್ಕೆ ಹೋದೆ. ಪಕ್ಕದಲ್ಲಿ ಕೂತೆ. ಲಂಗ ಒಂದು ಕಡೆ ಬರಿದಾಗಿ ಬಿದ್ದಿತ್ತು. ನಾನು ಆ ಕಡೆ ನೋಡದೆ ತುಳಿಯುತ್ತಿದ್ದೆ. ಎರಡನೆಯ ದಿನವೋ ಮೂರನೆಯ ದಿನವೋ, ಗುಡ್ಡಕ್ಕೆ ಸೀತಾಫಲ ಕೀಳಲು ಹೊರಟ ಓಣಿಯ ಹುಡುಗರು ಬಾಗಿಲಲ್ಲಿ ನಿಂತರು.

"ಲೇ, ಗೌರಕ್ಕನ ಎಡಗಾಲು ಗುಡ್ಡಕ್ಕೆ ಬರ್ತೈತೇನ್ರಲೇ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಎದ್ದು ಹೋದೆ.

ಆಮೇಲೆ ದಿನವೂ ಗುಡ್ಡವೇ. ಕೈಯೆಲ್ಲ ಸೀತಾಫಲದ ಅಂಟು ಮಾಡಿಕೊಂಡು, ಪಡಸಾಲೆ ತಪ್ಪಿಸಿ ಹಿತ್ತಲಿಂದ ಮನೆಯೊಳಗೆ ಬರುತ್ತಿದ್ದೆ. ರಜೆ ಮುಗಿಯುವ ಮೊದಲೇ ದೊಡ್ಡಪ್ಪ ಮಗ್ಗಕ್ಕೆ ಬೇರೆ ಆಳು ಕೂರಿಸಿದರು. ಗೌರಕ್ಕ ಮೂಲೆಯಲ್ಲಿ ಲಾಳಿಗೆ ನೂಲು ಸುತ್ತತೊಡಗಿದಳು. ಮತ್ತೆ ಮಗ್ಗಕ್ಕೆ ಕೂರಲೇ ಇಲ್ಲ. ನನಗೆ ಯಾರೂ ಒಂದು ಮಾತೂ ಅನ್ನಲಿಲ್ಲ.

ಕಳೆದ ತಿಂಗಳು ಹೋಗಿದ್ದೆ. ಗುಂಡಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಗೌರಕ್ಕ ತನ್ನ ಮಗಳಿಗೆ ಹೇಳುತ್ತಿದ್ದಳು: "ನಿಮ್ಮ ಮಾಮ ದಸರಾ ರಜ ಪೂರ್ತಿ ನನ್ ಪಕ್ಕ ಕೂತು ತುಳಿದ."

ಒಂದು ಗಳಿಗೆ ಎದೆ ಹಗುರಾಯಿತು. ಅವಳು ಹೇಳಿದ್ದೇ ನಿಜ ಇದ್ದರೂ ಇರಬಹುದು, ನೆನಪೆಂಬುದು ಮಾಡದ ತಪ್ಪನ್ನೂ ಕಟ್ಟಿಕೊಡುತ್ತದೆ. ಮಗಳು ಟೀ ತರಲು ಒಳಗೆ ಹೋದಾಗ ಕೇಳಿದೆ: "ಅಕ್ಕ, ನಾನು ತುಳಿದಿದ್ದು ಎರಡೇ ದಿನ ಅಲ್ವಾ?"

"ಒಂದೂವರೆ," ಎಂದಳು. "ಮೆತ್ತಗೆ ಮಾತಾಡಪ್ಪ. ಅವಳಿಗೆ ನಿನ್ ಮ್ಯಾಲೆ ಬೋ ಗೌರವ ಐತೆ."

ನನ್ನ ನೆನಪೇ ಸುಳ್ಳಿರಬಹುದೆಂಬ ಒಂದು ಆಸರೆ ಇಷ್ಟು ವರ್ಷ ಇತ್ತು. ಚಳ್ಳಕೆರೆಯ ಬಸ್ಸು ಹತ್ತುವಾಗ ಅದೂ ಇರಲಿಲ್ಲ.