ಬೀಗ ಹಾಕಿದ ಊರಿನ ಜನಸಂಖ್ಯೆ

ಅರಬ್ ನಾಡಿನ ಖಸಬ್ ಪಟ್ಟಣದಿಂದ ದೋಣಿಯಲ್ಲಿ ಬಂದು ಇಳಿದ ಈ ಊರಿನಲ್ಲಿ ಎಲ್ಲ ಮನೆಗಳಿಗೂ ಬೀಗ. ಬೇಸಿಗೆಯಲ್ಲಿ ಊರಿಗೆ ಊರೇ ಖರ್ಜೂರದ ಕೊಯ್ಲಿಗೆ ಖಸಬ್‌ಗೆ ಹೋಗಿಬಿಡುತ್ತದಂತೆ. ಹೇಳಿದವನು ದೋಣಿಯ ಸಾಲಿಂ, ಇದೇ ಊರಿನವನು. ಒಂದು ಕಲ್ಲುಮನೆಯ ಬಾಗಿಲ ಸಂದಿಯಲ್ಲಿ ಇಣುಕಿದೆ. ಒಳಗಿದ್ದ ಮಣ್ಣಿನ ಗುಡಾಣ ಬಾಗಿಲಿಗಿಂತ ದೊಡ್ಡದು. ಗುಡಾಣ ಇಟ್ಟ ಮೇಲೆಯೇ ಸುತ್ತ ಗೋಡೆ ಕಟ್ಟುವುದಂತೆ. ಅದು ಇನ್ನೆಂದೂ ಹೊರಗೆ ಬರಲಾರದು ಅನ್ನಿಸಿ ಮೈ ಜುಮ್ಮೆಂದಿತು.

ಜೊತೆಗಿದ್ದ ಪುತ್ತೂರಿನ ಶೇಖರಣ್ಣನಿಗೆ ಅಂಥದ್ದೇನೂ ಇಲ್ಲ. "ಅಮೆರಿಕದಲ್ಲಿ ನಾನಿದ್ದ ಸಣ್ಣ ಊರಲ್ಲಿ ದಾರಿ ಬದಿಯಲ್ಲೇ ಬೋರ್ಡು ಉಂಟು ಮಾರಾಯ್ರೆ. ಊರು ಹುಟ್ಟಿದ ವರ್ಷ, ಜನಸಂಖ್ಯೆ, ಎಲ್ಲ ಬರ್ದಿರ್ತಾರೆ" ಎಂದವರು ಸಾಲಿಂನತ್ತ ತಿರುಗಿ ಹಿಂದಿಯಲ್ಲಿ ಕೇಳಿದರು, "ನಿಮ್ಮೂರಿನ ಜನಸಂಖ್ಯೆ ಎಷ್ಟು?"

ಸಾಲಿಂ ವಾಪಸು ಹೊರಡಲೆಂದು ಆಗಿನಿಂದಲೂ ದೋಣಿಯ ಎಂಜಿನ್ನಿನ ಹಗ್ಗ ಎಳೆಯುತ್ತಲೇ ಇದ್ದ. ಎಂಜಿನ್ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ, ಉಳಿದಿದ್ದ ನೀರು ಒಂದೇ ಬಾಟಲಿ. ಗಾಳಿ ಎದ್ದು, ಕೊಲ್ಲಿಯ ಬಾಯಲ್ಲಿ ಅಲೆಗಳು ಬೆಳ್ಳಗೆ ಒಡೆಯತೊಡಗಿದವು.

"ಖಲಾಸ್" ಎಂದು ಸಾಲಿಂ ಹಗ್ಗ ಕೈಬಿಟ್ಟ. ಶೇಖರಣ್ಣನನ್ನು ನೋಡಿದ, ನನ್ನನ್ನು ನೋಡಿದ, ಕೊನೆಗೆ ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡ.

"ಇವತ್ತಿಗೆ ಮೂರು."